ಕೆಂಪು ಮಿನುಗುತ್ತದೆ, ಹಳದಿ ಆರುವುದೇ ಇಲ್ಲ: ಆಫ್‌ರೋಡ್ ಗಾಡಿಯ ಬ್ರೇಕ್ ಎಚ್ಚರಿಕೆ ಲೈಟ್‌ಗಳ ಕಾರಣವನ್ನು ನೀವೇ ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ, ಮ್ಯಾನುಯಲ್ ಗೇರ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದೇನೆ, ನಾಲ್ಕೂ ಟೈರ್ ಒಂದು ಸೈಜ್ ದೊಡ್ಡವು. ಹೋದ ತಿಂಗಳು ಹೊಳೆ ದಾಟಿ, ಕೆಸರಲ್ಲಿ ಹೂತುಕೊಂಡು, ಚಕ್ರ ಗಿರಗಿರ ತಿರುಗಿಸಿ ಹೇಗೋ ಹೊರಗೆ ಬಂದೆ. ಅಂದಿನಿಂದ ಹಳದಿ ಎಬಿಎಸ್ ಲೈಟ್ ಉರಿಯುತ್ತಲೇ ಇದೆ. ಅದರ ಜೊತೆಗೆ ಕಡಿದಾದ ಇಳಿಜಾರಿನಲ್ಲಿ ಕೆಂಪು ಬ್ರೇಕ್ ಲೈಟ್ ಮಿನುಗುತ್ತದೆ, ಸಮ ರಸ್ತೆಗೆ ಬಂದರೆ ಆರುತ್ತದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಒಬ್ಬ ಗೆಳೆಯ ‘ಬ್ರೇಕ್ ಆಯಿಲ್ ತುಂಬಿಸು, ಅಷ್ಟೇ’ ಅಂದ. ಇನ್ನೊಬ್ಬ ‘ಎಬಿಎಸ್ ಫ್ಯೂಸ್ ಕಿತ್ತುಹಾಕು, ಆಫ್‌ರೋಡಿಗೆ ಅದು ಬೇಡವೇ ಬೇಡ’ ಅಂದ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಫೋನಿಗೆ ಸೇರಿಸುವ ಚಿಕ್ಕ ಸ್ಕ್ಯಾನರ್ ಇದೆ. ಸ್ಕ್ಯಾನರ್ ‘ದೋಷ ಏನೂ ಇಲ್ಲ’ ಅನ್ನುತ್ತದೆ. ನಾನೇ ಪತ್ತೆ ಮಾಡಬಹುದಾ? ಅಲ್ಲಿಯವರೆಗೆ ಗಾಡಿ ಓಡಿಸಬಹುದಾ?

ಉತ್ತರ: ಎರಡು ಲೈಟೂ ಒಂದೇ ಸಮಯಕ್ಕೆ ಶುರುವಾದವು, ಹಾಗಾಗಿ ಕಾರಣವೂ ಒಂದೇ ಇರಬೇಕು ಅಂತ ನೀವು ಅಂದುಕೊಂಡಂತಿದೆ. ನನಗೆ ಹಾಗೆ ಕಾಣುವುದಿಲ್ಲ. ಕೆಂಪು ಇಳಿಜಾರಿನಲ್ಲಿ ಮಾತ್ರ ಬರುತ್ತದೆ, ಹಳದಿ ಯಾವಾಗಲೂ ಇರುತ್ತದೆ ಅಂತ ಬರೆದಿದ್ದೀರಲ್ಲ, ಆ ಒಂದು ವಿವರವೇ ಎರಡನ್ನೂ ಬೇರೆ ಮಾಡುತ್ತದೆ. ಕೆಂಪಿನದು ಬಹುಶಃ ಬ್ರೇಕ್ ಆಯಿಲ್ ಕಡೆಯ ತೊಂದರೆ. ಹಳದಿಯದು ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ; ಅದರ ತೊಂದರೆ ಬಹುಶಃ ಯಾವುದೋ ಒಂದು ಚಕ್ರದ ಸೆನ್ಸರ್ ಕಡೆಯದು. ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು.

ನೀವೇ ಪತ್ತೆ ಮಾಡಬಹುದಾ ಅಂದರೆ, ಬಹುಪಾಲು ಮಾಡಬಹುದು. ಆದರೆ ಪತ್ತೆ ಮಾಡುವುದು ಬೇರೆ, ಬಿಚ್ಚಿ ರಿಪೇರಿ ಮಾಡುವುದು ಬೇರೆ. ಮೊದಲನೆಯದಕ್ಕೆ ಕಣ್ಣು, ಟಾರ್ಚ್ ಮತ್ತು ತಾಳ್ಮೆ ಸಾಕು. ಎರಡನೆಯದರಲ್ಲಿ ಎಲ್ಲಿ ಕೈ ಹಾಕಬಾರದು ಅಂತ ಮುಂದೆ ಹೇಳುತ್ತೇನೆ.

ಶುರು ಮಾಡುವ ಮುನ್ನ ಒಂದು ಸಣ್ಣ ಪರೀಕ್ಷೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಲ್ಲಾ ಎಚ್ಚರಿಕೆ ಲೈಟ್‌ಗಳೂ ಒಮ್ಮೆ ಹತ್ತಬೇಕು. ಎಬಿಎಸ್ ಲೈಟ್ ಸರಿಯಿರುವ ಗಾಡಿಯಲ್ಲಿ ಕೆಲವು ಸೆಕೆಂಡಲ್ಲಿ ತಾನಾಗಿ ಆರುತ್ತದೆ. ನಿಮ್ಮ ಎರಡು ಲೈಟೂ ಹತ್ತುತ್ತವೆ ಅಂತ ಗೊತ್ತೇ ಇದೆ. ಆದರೂ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳಲು ಹೋದಾಗ ಇದೇ ಮೊದಲ ಪರೀಕ್ಷೆ ಆಗಬೇಕು. ಎಬಿಎಸ್ ಕೆಟ್ಟಿದ್ದರೆ ಕೆಲವು ಮಾರುವವರು ಡ್ಯಾಶ್‌ಬೋರ್ಡ್ ಬಿಚ್ಚಿ ಬಲ್ಬನ್ನೇ ತೆಗೆದಿರುತ್ತಾರೆ. ಲೈಟ್ ಉರಿಯುತ್ತಿಲ್ಲ, ಗಾಡಿ ಚೆನ್ನಾಗಿದೆ ಅಂತ ನಾವು ಖುಷಿಯಾಗಿ ಮನೆಗೆ ತರುತ್ತೇವೆ.

ಮೊದಲು ಕೆಂಪು

ಕೆಂಪು ಲೈಟ್ ಒಂದೇ, ಆದರೆ ಅದನ್ನು ಹತ್ತಿಸುವವರು ಹಲವರು. ಹ್ಯಾಂಡ್ ಬ್ರೇಕ್ ಲಿವರ್ ಬುಡದ ಸ್ವಿಚ್ ಒಂದು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತೇಲುವ ಫ್ಲೋಟ್ ಇನ್ನೊಂದು. ಕೆಲವು ಗಾಡಿಗಳಲ್ಲಿ ಬೂಸ್ಟರ್‌ನ (ಪೆಡಲ್ ಒತ್ತುವ ಕಾಲಿಗೆ ಬಲ ಸೇರಿಸುವ ಭಾಗ) ವ್ಯಾಕ್ಯೂಮ್ ಕಡಿಮೆಯಾದರೂ ಇದೇ ಲೈಟ್ ಬರುತ್ತದೆ. ಎಬಿಎಸ್ ಕಂಪ್ಯೂಟರ್ ಪೂರ್ತಿ ಕೈಚೆಲ್ಲಿದಾಗಲೂ ಇದೇ ಬರುತ್ತದೆ. ಇವಲ್ಲದೆ ಬ್ರೇಕಿಗೆ ಸಂಬಂಧವೇ ಇಲ್ಲದ ಒಂದು ಕಾರಣವೂ ಇದೆ: ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡುವುದನ್ನು ನಿಲ್ಲಿಸಿದರೆ ಬ್ಯಾಟರಿ ಲೈಟ್ ಜೊತೆಗೆ ಬ್ರೇಕ್ ಲೈಟೂ ಹತ್ತುತ್ತದೆ. ವೈರಿಂಗ್ ಇರುವುದೇ ಹಾಗೆ. ಎರಡೂ ಜೋಡಿಯಾಗಿ ಬಂದರೆ ಬ್ರೇಕ್ ಪ್ಯಾಡ್ ಹುಡುಕುತ್ತಾ ಕೂರಬೇಡಿ.

ನಿಮ್ಮದು ಇಳಿಜಾರಿನಲ್ಲಿ ಮಾತ್ರ ಬರುತ್ತಿದೆ. ಹಾಗಾಗಿ ಫ್ಲೋಟ್ ಮೇಲೆಯೇ ನನ್ನ ಅನುಮಾನ. ಅರ್ಧ ಲೋಟ ನೀರನ್ನು ವಾಲಿಸಿದರೆ ಒಂದು ಕಡೆ ಖಾಲಿಯಾಗುತ್ತದಲ್ಲ, ಡಬ್ಬಿಯೊಳಗೂ ಆಗುವುದು ಅದೇ. ಆಯಿಲ್ ಕೆಳಗಿನ ಗೆರೆಯ ಹತ್ತಿರ ಇದ್ದರೆ ಸಮ ನೆಲದಲ್ಲಿ ಫ್ಲೋಟ್ ತೇಲುತ್ತಿರುತ್ತದೆ. ಮೂತಿ ಕೆಳಗಾದರೆ ಸಾಕು, ಅದು ಇಳಿದು ಲೈಟ್ ಹತ್ತಿಸುತ್ತದೆ. ಸಮ ರಸ್ತೆಯಲ್ಲೇ ಓಡುವ ಕಾರಿನಲ್ಲಿ ಇದು ತಡವಾಗಿ ಗೊತ್ತಾಗುತ್ತದೆ. ಆಫ್‌ರೋಡ್ ಗಾಡಿಗೆ ಬೇಗ ಗೊತ್ತಾಗುತ್ತದೆ. ಒಂದು ರೀತಿಯಲ್ಲಿ ನಿಮಗೆ ಅನುಕೂಲವೇ ಆಯಿತು.

ಖಚಿತ ಮಾಡಿಕೊಳ್ಳುವುದು ಸುಲಭ. ಸಮ ನೆಲದಲ್ಲಿ ನಿಲ್ಲಿಸಿ, ಬಾನೆಟ್ ತೆಗೆದು, ಡಬ್ಬಿಯ ಮೇಲಿನ ಎರಡು ಗೆರೆ ನೋಡಿ. ಕೆಸರು ಮೆತ್ತಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಚ್ಚಳ ತೆಗೆಯುವ ಮುಂಚೆ ಸುತ್ತಲೂ ಒರೆಸಲೇಬೇಕು, ಒಂದು ಕಣ ಮಣ್ಣೂ ಒಳಗೆ ಹೋಗಬಾರದು. ಆಯಿಲ್ ಕೆಳಗೆರೆಯ ಆಸುಪಾಸಿನಲ್ಲಿದ್ದರೆ ಲೈಟ್ ಯಾಕೆ ಮಿನುಗುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಮಟ್ಟ ಚೆನ್ನಾಗಿಯೇ ಇದ್ದರೆ ಹ್ಯಾಂಡ್ ಬ್ರೇಕ್ ಲಿವರ್ ನೋಡಿ. ಲೈಟ್ ಉರಿಯುವಾಗ ಲಿವರನ್ನು ಬೆರಳಿನಿಂದ ಕೆಳಕ್ಕೆ ಒತ್ತಿದರೆ ಆರುತ್ತದಾ? ಆರಿದರೆ ಸ್ವಿಚ್ ಬಾಗಿದೆ ಅಥವಾ ಅದರಲ್ಲಿ ಮಣ್ಣು ಕೂತಿದೆ. ಅದೇನು ದೊಡ್ಡ ವಿಷಯವಲ್ಲ.

ಆಯಿಲ್ ಕಡಿಮೆ ಇದೆ ಅಂತಲೇ ಇಟ್ಟುಕೊಳ್ಳೋಣ. ಆಗ ಮುಖ್ಯ ಪ್ರಶ್ನೆ: ಅದು ಎಲ್ಲಿ ಹೋಯಿತು? ನಿಮ್ಮ ಮೊದಲ ಗೆಳೆಯ ಕೇಳದೇ ಬಿಟ್ಟದ್ದು ಇದನ್ನೇ. ಬ್ರೇಕ್ ಆಯಿಲ್ ಮುಚ್ಚಿದ ವ್ಯವಸ್ಥೆಯೊಳಗೆ ಇರುತ್ತದೆ. ಎಂಜಿನ್ ಆಯಿಲ್ ಥರ ಸ್ವಲ್ಪ ಸ್ವಲ್ಪ ಸುಟ್ಟುಹೋಗುವ ವಸ್ತು ಅಲ್ಲ. ಕಡಿಮೆಯಾಗಿದ್ದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲವೋ ಎಲ್ಲೋ ಸೋರುತ್ತಿದೆ.

ಪ್ಯಾಡ್ ಸವೆದರೆ ಆಯಿಲ್ ಯಾಕೆ ಇಳಿಯುತ್ತದೆ? ಪ್ಯಾಡ್ ತೆಳ್ಳಗಾದಷ್ಟೂ ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ ಹೊರಗೆ ಬರುತ್ತದೆ. ಅದರ ಹಿಂದೆ ಉಂಟಾದ ಜಾಗವನ್ನು ಆಯಿಲ್ ತುಂಬುತ್ತದೆ. ಲೆಕ್ಕ ಹಾಕಿ ನೋಡಿ: ಒಂದೇ ಪಿಸ್ಟನ್ ಇರುವ ಕ್ಯಾಲಿಪರ್, ಪಿಸ್ಟನ್ ಅಗಲ 60 ಮಿ.ಮೀ. ಎರಡೂ ಕಡೆಯ ಪ್ಯಾಡ್ ತಲಾ 8 ಮಿ.ಮೀ. ಸವೆದರೆ ಪಿಸ್ಟನ್ 16 ಮಿ.ಮೀ. ಮುಂದೆ ಬಂದಿರುತ್ತದೆ. ಅಂದರೆ ಒಂದು ಚಕ್ರಕ್ಕೆ ಸುಮಾರು 45 ಮಿ.ಲೀ., ಮುಂದಿನ ಎರಡಕ್ಕೂ ಸೇರಿ 90. ಡಬ್ಬಿಯಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬರಲು ಅಷ್ಟು ಬೇಕಾದಷ್ಟಾಯಿತು. ಒಂದು ತೊಟ್ಟೂ ಸೋರದೆ ಲೈಟ್ ಹತ್ತಬಹುದು.

ಕೆಸರಿನಲ್ಲಿ ಓಡುವ ಗಾಡಿಗೆ ಇದು ಇನ್ನೂ ಬೇಗ ಆಗುತ್ತದೆ. ಡಿಸ್ಕ್ ಮತ್ತು ಪ್ಯಾಡ್ ನಡುವೆ ಮರಳು ಮಿಶ್ರಿತ ಕೆಸರು ಸಿಕ್ಕಿಕೊಂಡರೆ ಅದು ಉಜ್ಜುಕಾಗದದ ಕೆಲಸ ಮಾಡುತ್ತದೆ. ಕ್ಯಾಲಿಪರ್‌ನ ಜಾರುವ ಪಿನ್ನುಗಳಿಗೆ ಮಣ್ಣು ನೀರು ಹೋಗಿ ಬಿಗಿದುಕೊಂಡರೆ ಒಳಗಡೆಯ ಪ್ಯಾಡ್ ಮಾತ್ರ ಸವೆಯುತ್ತದೆ. ಹೊರಗಿನಿಂದ ನೋಡಿದರೆ ‘ಪ್ಯಾಡ್ ಬೇಕಾದಷ್ಟಿದೆ’ ಅನ್ನಿಸುತ್ತದೆ. ಅದಕ್ಕೇ ಚಕ್ರ ಬಿಚ್ಚಿ ಒಳಗಿನದ್ದನ್ನೂ ಟಾರ್ಚ್ ಹಾಕಿ ನೋಡಬೇಕು. ಪ್ಯಾಡಿನ ಕಬ್ಬಿಣದ ತಗಡು ಬಿಟ್ಟು, ಉಜ್ಜುವ ಭಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸುವ ಕಾಲ ಬಂತು.

ನಿಮ್ಮ ವಿಷಯದಲ್ಲಿ ಇನ್ನೊಂದು ಅನುಮಾನವೂ ಇದೆ. ಅದು ಲಿಫ್ಟ್ ಕಿಟ್. ನಿಮ್ಮ ಗಾಡಿಯ ಕಾಲದ, ಈ ಥರದ ಹಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮೇಲೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಇರುತ್ತದೆ, ಅದು ಚಾಸಿಗೆ ಕೂರಿಸಿದ ಒಂದು ವಾಲ್ವಿಗೆ ಸೇರಿರುತ್ತದೆ. ಹಿಂದೆ ಎಷ್ಟು ಭಾರ ಇದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ತೀರ್ಮಾನ ಮಾಡುವುದು ಅದರ ಕೆಲಸ. ಭಾರ ತುಂಬಿದರೆ ಚಾಸಿ ಆಕ್ಸಲ್‌ಗೆ ಹತ್ತಿರ ಬರುತ್ತದೆ, ವಾಲ್ವ್ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದರೆ ಕಡಿಮೆ. ಈಗ ನೀವು ಗಾಡಿಯನ್ನು ಎರಡು ಇಂಚು ಎತ್ತಿದಿರಿ. ಆ ಕಡ್ಡಿಯನ್ನು ಯಾರೂ ಹೊಂದಿಸದಿದ್ದರೆ ವಾಲ್ವಿನ ಪ್ರಕಾರ ನಿಮ್ಮ ಗಾಡಿ ಯಾವಾಗಲೂ ಖಾಲಿ. ಹಿಂದಿನ ಬ್ರೇಕ್ ಅರೆಮನಸ್ಸಿನಿಂದ ಹಿಡಿಯುತ್ತದೆ, ಎಲ್ಲಾ ಕೆಲಸ ಮುಂದಿನ ಪ್ಯಾಡ್‌ಗಳ ಮೇಲೆ ಬೀಳುತ್ತದೆ, ಅವು ಬೇಗ ಸವೆಯುತ್ತವೆ, ಡಬ್ಬಿಯ ಆಯಿಲ್ ಇಳಿಯುತ್ತದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ ಅಂತ ಬರೆದಿದ್ದೀರಿ. ನಿಧಾನಕ್ಕೆ ಹದಗೆಟ್ಟರೆ ಓಡಿಸುವವರಿಗೆ ಗೊತ್ತಾಗುವುದಿಲ್ಲ, ಕಾಲು ಅದಕ್ಕೆ ಒಗ್ಗಿಬಿಡುತ್ತದೆ. ಗಾಡಿಯಡಿ ಇಣುಕಿ ಆ ಕಡ್ಡಿ ಇದೆಯಾ ನೋಡಿ. ಇದ್ದರೆ ಲಿಫ್ಟ್ ಹಾಕಿದವರನ್ನು ಕೇಳಿ: ‘ಇದನ್ನು ಹೊಂದಿಸಿದ್ರಾ?’

ಸೋರಿಕೆ ಹುಡುಕುವುದು ಹೇಗೆ ಅನ್ನುವುದಕ್ಕೆ ಬರೋಣ. ಪ್ರತಿ ಚಕ್ರದ ಒಳಮೈ ನೋಡಿ. ಟೈರಿನ ಒಳಪಕ್ಕದಲ್ಲಿ, ಡ್ರಮ್ಮಿನ ಹಿಂದಿನ ತಟ್ಟೆಯ ಕೆಳಭಾಗದಲ್ಲಿ ಒದ್ದೆ ಪಟ್ಟಿ ಇದ್ದರೆ ಬಿಳಿ ಟಿಶ್ಯೂನಿಂದ ಒರೆಸಿ. ಕೆಸರು ನೀರು ಬೇಗ ಒಣಗಿ ಪುಡಿಯಾಗುತ್ತದೆ. ಬ್ರೇಕ್ ಆಯಿಲ್ ಜಾರುಜಾರಾಗಿ, ತೆಳು ಜೇನುಬಣ್ಣದಲ್ಲಿ ಉಳಿಯುತ್ತದೆ. ಹಿಂದಿನ ಆಕ್ಸಲ್ ಮೇಲೆ ಹಾದುಹೋಗುವ ಕಬ್ಬಿಣದ ಪೈಪ್ ಕಲ್ಲಿಗೆ ಉಜ್ಜಿದೆಯಾ ನೋಡಿ. ರಬ್ಬರ್ ಹೋಸ್‌ಗಳು ಲಿಫ್ಟ್ ಆದಮೇಲೆ ಬಿಗಿಯಾಗಿ ಎಳೆದುಕೊಂಡಿವೆಯಾ ಅಂತ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಭಾಗ) ಬೂಸ್ಟರಿಗೆ ಸೇರುವ ಜಾಗದಲ್ಲಿ ಕೆಳಗೆ ಪೇಂಟ್ ಉಬ್ಬಿ ಎದ್ದಿದ್ದರೆ ಅಲ್ಲಿ ಸೋರಿದೆ ಅಂತ ಅರ್ಥ, ಈ ಆಯಿಲ್ ಪೇಂಟನ್ನು ತಿನ್ನುತ್ತದೆ.

ಹೆಚ್ಚಿನವರು ಮರೆಯುವ ಜಾಗ ಒಂದಿದೆ: ಕ್ಲಚ್. ನಿಮ್ಮದು ಮ್ಯಾನುಯಲ್ ಗೇರ್ ಅಲ್ವಾ? ಹಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿನ ಸಿಲಿಂಡರ್ ಸೋರಿದರೂ ಬ್ರೇಕಿನ ಕೆಂಪು ಲೈಟ್ ಬರುತ್ತದೆ. ನಾಲ್ಕೂ ಚಕ್ರ ಹುಡುಕಿ ಏನೂ ಸಿಗಲಿಲ್ಲ ಅಂತ ಬರುವವರಿಗೆ ನಾನು ಮೊದಲು ಹೇಳುವುದು, ಗೇರ್‌ಬಾಕ್ಸ್ ಪಕ್ಕ ನೋಡಿ, ಕ್ಲಚ್ ಪೆಡಲ್ ಮೇಲಿನ ಕಡ್ಡಿ ಒದ್ದೆಯಾಗಿದೆಯಾ ನೋಡಿ ಅಂತ.

ಏನೂ ಕಾಣದಿದ್ದರೆ ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ಪ್ರತಿದಿನ ಓಡಿಸುವ ಮುಂಚೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಪ್ಯಾಡ್ ಸವೆತದಿಂದ ಒಂದು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುವುದಿಲ್ಲ. ಇಳಿದರೆ ಸೋರಿಕೆಯೇ.

ಸುಮ್ನೆ ಆಯಿಲ್ ತುಂಬಿಸಿದರೆ ಏನು ನಷ್ಟ? ಸೋರಿಕೆ ಇದ್ದರೆ ನಿಮಗಿದ್ದ ಒಂದೇ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಿದಂತಾಯಿತು. ಪ್ಯಾಡ್ ಸವೆದಿದ್ದರೆ, ನಾಳೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಜಾಸ್ತಿಯಾದ ಆಯಿಲ್ ಉಕ್ಕಿ ಎಂಜಿನ್ ಕೋಣೆಯ ಪೇಂಟ್ ಮೇಲೆ ಹರಿಯುತ್ತದೆ. ಮಟ್ಟ ಕೆಳಗೆರೆಗಿಂತಲೂ ಕೆಳಗಿದ್ದರೆ ಮಾತ್ರ ಗೆರೆಯಿಂದ ತುಸು ಮೇಲೆ ಬರುವಷ್ಟು ಹಾಕಿ, ಗಾಳಿ ಒಳಗೆ ಹೋಗದಿರಲಿ ಅಂತ. ಹಾಕುವಾಗ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಜಾತಿಯವು. ಡಾಟ್ 5 ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಪವರ್ ಸ್ಟೀರಿಂಗ್ ಆಯಿಲ್, ಎಂಜಿನ್ ಆಯಿಲ್ ತಪ್ಪಿಯೂ ಹಾಕಬೇಡಿ. ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ, ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ.

ಕೆಂಪಿನ ವಿಷಯ ಮುಗಿಸುವ ಮೊದಲು ಪೆಡಲ್ ಪರೀಕ್ಷೆ. ಗಾಡಿ ನಿಂತಿರಲಿ, ಎಂಜಿನ್ ಆಫ್. ಪೆಡಲನ್ನು ನಾಲ್ಕೈದು ಸಲ ಒತ್ತಿ ಬೂಸ್ಟರ್ ಖಾಲಿ ಮಾಡಿ. ಗಟ್ಟಿಯಾದ ಪೆಡಲನ್ನು ಒತ್ತಿಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಕಾಲಡಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಪಂಪ್ ಕಡೆ ತೊಂದರೆ. ಆಮೇಲೆ ಎಂಜಿನ್ ಓಡುತ್ತಿರುವಾಗ ಪೆಡಲನ್ನು ಅರ್ಧ ನಿಮಿಷ ಒಂದೇ ಸಮ ಒತ್ತಿಹಿಡಿಯಿರಿ. ನಿಂತಲ್ಲೇ ನಿಲ್ಲಬೇಕು. ನಿಧಾನವಾಗಿ ನೆಲದ ಕಡೆ ಜಾರಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಕಾಣದೆ ಇದು ಆಗಬಹುದು. ಸ್ಪಂಜ್ ಥರ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಪೆಡಲ್ ಜಾರಿದರೆ ಅಥವಾ ಮೆತ್ತಗಾದರೆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಈಗ ಹಳದಿ

ಎಬಿಎಸ್ ಲೈಟ್ ಬಂದರೆ ಬ್ರೇಕೇ ಇಲ್ಲ ಅಂತ ಕೆಲವರು ಹೆದರುತ್ತಾರೆ. ಏನೂ ಆಗಲ್ಲ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಎರಡೂ ತಪ್ಪು. ಹಳದಿ ಒಂದೇ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು ಮಾತ್ರ ಇರುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಾದರೆ ಅವೂ ಸಾಮಾನ್ಯವಾಗಿ ಜೊತೆಗೇ ಮಲಗುತ್ತವೆ.

ಎಬಿಎಸ್ ನಾಲ್ಕು ಚಕ್ರದ ವೇಗವನ್ನು ಸದಾ ಹೋಲಿಸುತ್ತಿರುತ್ತದೆ. ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್, ಅದರೆದುರು ತಿರುಗುವ ಹಲ್ಲಿನ ಉಂಗುರ ಅಥವಾ ಅಯಸ್ಕಾಂತದ ಉಂಗುರ. ನಡುವಿನ ಅಂತರ ಒಂದು ಮಿ.ಮೀ. ಆಸುಪಾಸು. ಅಷ್ಟು ಸಣ್ಣ ಸಂದಿಯನ್ನು ಹೊಳೆಯಲ್ಲಿ, ಕೆಸರಿನಲ್ಲಿ, ಜಲ್ಲಿಯಲ್ಲಿ ಓಡಿಸುತ್ತೇವೆ.

ಕೆಸರಲ್ಲಿ ಎರಡು ಚಕ್ರ ಗಿರಗಿರ ತಿರುಗಿ ಇನ್ನೆರಡು ನಿಂತೇ ಇದ್ದರೆ ಕಂಪ್ಯೂಟರಿಗೆ ಆ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಲೈಟ್ ಹತ್ತಿಸುತ್ತದೆ. ಇದು ನಿಜವಾದ ದೋಷ ಅಲ್ಲ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ಒಂದಿಷ್ಟು ದೂರ ಓಡಿಸಿದರೆ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಹಾಕಿದರೆ ಎಬಿಎಸ್ ಬೇಕೆಂದೇ ಆಫ್ ಆಗಿ ಲೈಟ್ ಬರುತ್ತದೆ, ಲಾಕ್ ತೆಗೆದರೆ ಹೋಗುತ್ತದೆ. ನಿಮ್ಮದು ಒಂದು ತಿಂಗಳಿಂದ ಉರಿಯುತ್ತಿದೆ. ಲಾಕ್ ಪೂರ್ತಿ ಬಿಟ್ಟಿದೆಯಾ ಅಂತ ಒಮ್ಮೆ ನೋಡಿ, ಬಿಟ್ಟಿದ್ದರೆ ಇದು ನಿಜವಾದ ದೋಷ ಅಂತಲೇ ಹಿಡಿಯಿರಿ.

ದೊಡ್ಡ ಟೈರ್ ಕಾರಣವಾ? ನಾಲ್ಕೂ ಒಂದೇ ಸೈಜ್ ಇದ್ದರೆ ಸಾಮಾನ್ಯವಾಗಿ ಅಲ್ಲ. ಚಕ್ರಗಳು ಪರಸ್ಪರ ಸಮನಾಗಿ ತಿರುಗಿದರೆ ಕಂಪ್ಯೂಟರಿಗೆ ಸಾಕು. ಆದರೆ ಸ್ಟೆಪ್ನಿ ಇನ್ನೂ ಹಳೆಯ ಸೈಜಿನದೇ ಇದ್ದು, ಆ ದಿನ ಪಂಕ್ಚರ್ ಆಗಿ ಅದನ್ನು ಹಾಕಿದ್ದರೆ ಕಥೆ ಬೇರೆ. ಹಾಗೇನಾದರೂ ಆಗಿದೆಯಾ?

ಇನ್ನು ನಿಮ್ಮ ಸ್ಕ್ಯಾನರ್. ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕಾಣುತ್ತಿಲ್ಲ ಅಷ್ಟೇ. ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕಡೆಯ ಕೋಡ್ ಮಾತ್ರ ಓದುತ್ತವೆ, ‘ಪಿ’ ಅಕ್ಷರದಿಂದ ಶುರುವಾಗುವಂಥವು. ಬ್ರೇಕ್ ಕಡೆಯ ಕೋಡ್ ‘ಸಿ’ ಇಂದ ಶುರುವಾಗುತ್ತದೆ, ಅದಕ್ಕೆ ಎಬಿಎಸ್ ಕಂಪ್ಯೂಟರ್ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಬೇಕು. ಉದಾಹರಣೆಗೆ ಸಿ0035 ಅಂದರೆ ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್, ಸಿ0040 ಮುಂದಿನ ಬಲ. ಎಷ್ಟೋ ಕಂಪನಿಗಳು ತಮ್ಮದೇ ನಂಬರ್ ಬಳಸುತ್ತವೆ, ಹಾಗಾಗಿ ನಿಮ್ಮ ಗಾಡಿಯ ಪಟ್ಟಿಯನ್ನೇ ನೋಡಬೇಕು. ಹೊಸದು ಕೊಳ್ಳುವ ಬದಲು ಒಂದು ಗ್ಯಾರೇಜಿಗೆ ಹೋಗಿ ಕೋಡ್ ಮಾತ್ರ ಓದಿಸಿಕೊಂಡು ಬನ್ನಿ ಅನ್ನುವುದು ನನ್ನ ಸಲಹೆ. ಓದುವ ಮುಂಚೆ ಬ್ಯಾಟರಿ ವೈರ್ ಕಳಚಿ ‘ರಿಸೆಟ್’ ಮಾಡಬೇಡಿ. ಕೆಲವು ಗಾಡಿಗಳಲ್ಲಿ ಅದರಿಂದ ಸಾಕ್ಷಿಯೇ ಅಳಿಸಿಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಕೋಡ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ‘ಮುಂದಿನ ಎಡ ಸೆನ್ಸರ್ ಸರ್ಕ್ಯೂಟ್’ ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಸೆನ್ಸರ್, ವೈರ್, ಕನೆಕ್ಟರ್, ಉಂಗುರ, ಬೇರಿಂಗ್, ಇವುಗಳಲ್ಲಿ ಯಾವುದೋ ಒಂದು ಅಂತ. ಹೊಸ ಸೆನ್ಸರ್ ಹಾಕಿಸಿ, ಮತ್ತೆ ಅದೇ ಲೈಟ್ ಜೊತೆ ಬರುವ ಗಾಡಿಗಳನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಕೋಡ್ ನಿಮಗೆ ಯಾವ ಚಕ್ರ ಅಂತ ಹೇಳಿತು. ಉಳಿದದ್ದು ನಿಮ್ಮ ಕೆಲಸ.

ಆ ಚಕ್ರದ ಹತ್ತಿರ ಮೊದಲು ಕಣ್ಣು, ಆಮೇಲೆ ಮೀಟರ್. ಸೆನ್ಸರಿನಿಂದ ಹೊರಟ ವೈರನ್ನು ಬೆರಳಿನಿಂದ ಹಿಂಬಾಲಿಸಿ. ಲಿಫ್ಟ್ ಆದ ಗಾಡಿಯಲ್ಲಿ ಅದು ಕ್ಲಿಪ್ಪಿನಿಂದ ಕಳಚಿ ಟೈರಿಗೆ ಉಜ್ಜುತ್ತಿರಬಹುದು, ಇಲ್ಲವೇ ಚಕ್ರ ಕೆಳಗಿಳಿದಾಗಲೆಲ್ಲ ಬಿಗಿಯಾಗಿ ಎಳೆಯುತ್ತಿರಬಹುದು. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇದ್ದು ಒಳಗಿನ ತಾಮ್ರ ತುಂಡಾಗುವುದೂ ಉಂಟು. ಬಗ್ಗುವ ಜಾಗದಲ್ಲಿ ಹಿಡಿದರೆ ಅಲ್ಲಿ ಮಾತ್ರ ವೈರ್ ಮೆತ್ತಗೆ ಅನ್ನಿಸುತ್ತದೆ. ನಂತರ ಕನೆಕ್ಟರ್ ಕಳಚಿ ಒಳಗೆ ನೋಡಿ. ಹೊಳೆ ದಾಟಿದ ಗಾಡಿ ಅಂದಮೇಲೆ ನನ್ನ ಮೊದಲ ಅನುಮಾನ ಇಲ್ಲೇ. ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ನೀರು ಹೋಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಿ, ಒಣಗಿಸಿ, ರಬ್ಬರ್ ಸೀಲ್ ಜಾಗದಲ್ಲಿದೆಯಾ ನೋಡಿ ಮತ್ತೆ ಸೇರಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮೀಟರ್ ಹಾಕುವ ಮೊದಲು ನಿಮ್ಮ ಸೆನ್ಸರ್ ಯಾವ ಜಾತಿ ಅಂತ ತಿಳಿದುಕೊಳ್ಳಿ. ಹಳೆಯ ಜಾತಿಯ ಪ್ಯಾಸಿವ್ ಸೆನ್ಸರ್ ಅಂದರೆ ಬರೀ ಒಂದು ತಂತಿಯ ಸುರುಳಿ. ಕನೆಕ್ಟರ್ ಕಳಚಿ ಎರಡು ಪಿನ್ ನಡುವೆ ಅಳೆದರೆ ಸಾಮಾನ್ಯವಾಗಿ 1,000ದಿಂದ 2,000 ಓಮ್ ಆಸುಪಾಸು ತೋರಿಸುತ್ತದೆ. ನಂಬರಿಗಿಂತ ಮುಖ್ಯ, ಅದೇ ಆಕ್ಸಲಿನ ಇನ್ನೊಂದು ಪಕ್ಕದ ಸೆನ್ಸರ್ ಜೊತೆ ಹೋಲಿಸುವುದು. ಎರಡೂ ಹತ್ತಿರ ಹತ್ತಿರ ಇರಬೇಕು. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಣ್ಣ ವೋಲ್ಟೇಜ್ ಬರಬೇಕು, ಜೋರಾಗಿ ತಿರುಗಿಸಿದಷ್ಟೂ ಏರಬೇಕು. ಹೊಸ ಜಾತಿಯ ಆಕ್ಟಿವ್ ಸೆನ್ಸರ್ ಒಳಗೆ ಚಿಪ್ ಇರುತ್ತದೆ. ಇದನ್ನು ಓಮ್ ಹಾಕಿ ಅಳೆಯಬೇಡಿ. ಬರುವ ನಂಬರಿಗೆ ಅರ್ಥವಿಲ್ಲ, ಸೆನ್ಸರ್ ಹಾಳಾಗಲೂಬಹುದು. ಅದರ ಬದಲು ಕೀ ಆನ್ ಮಾಡಿ, ಗಾಡಿ ಕಡೆಯ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿ ವೋಲ್ಟೇಜಿನ ಹತ್ತಿರ ಬಂದರೆ ಅದು ಆಕ್ಟಿವ್ ಜಾತಿ, ವೈರಿಂಗ್ ಕೂಡ ಅಲ್ಲಿಯವರೆಗೆ ಸರಿಯಿದೆ. ಮೀಟರಿನ ದಪ್ಪ ಮೊನೆಯನ್ನು ಪಿನ್ನಿನೊಳಗೆ ತುರುಕಬೇಡಿ. ಪಿನ್ ಅಗಲವಾದರೆ ನೀವೇ ಹೊಸ ದೋಷ ಹುಟ್ಟಿಸಿದಂತೆ.

ಉಂಗುರದಲ್ಲಿ ಕಲ್ಲು ಸಿಕ್ಕಿದೆಯಾ, ಹಲ್ಲು ಮುರಿದಿದೆಯಾ, ತುಕ್ಕು ಉಬ್ಬಿದೆಯಾ ನೋಡಿ. ನಿಧಾನ ನೀರು, ಮೆತ್ತನೆಯ ಬ್ರಷ್ ಸಾಕು. ಪ್ರೆಷರ್ ವಾಷರನ್ನು ಹತ್ತಿರದಿಂದ ಸೆನ್ಸರಿಗೆ ಹಿಡಿದರೆ ನೀರು ಇನ್ನೂ ಒಳಗೆ ಹೋಗುತ್ತದೆ. ಅಯಸ್ಕಾಂತದ ಉಂಗುರವಾದರೆ ಅದು ಬೇರಿಂಗ್ ಸೀಲಿನೊಳಗೇ ಇರುತ್ತದೆ, ಹಲ್ಲು ಕಾಣುವುದಿಲ್ಲ. ಅದರ ಹತ್ತಿರ ಅಯಸ್ಕಾಂತ ಇರುವ ಟೂಲ್ ತರಬೇಡಿ, ತಂತಿ ಬ್ರಷ್ ಹಾಕಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್ ಸಡಿಲವಾಗಿರಬಹುದು. ಉಂಗುರ ಓಲಾಡಿದರೆ ಅಂತರ ಬದಲಾಗುತ್ತದೆ, ಲೈಟ್ ಬರುತ್ತದೆ. ಆಗ ಸೆನ್ಸರ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಸೆನ್ಸರನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಲು ಹೋದರೆ ತಲೆ ಮುರಿದು ತೂತಿನೊಳಗೇ ಉಳಿಯುತ್ತದೆ. ಬಾರದಿದ್ದರೆ ಬಿಟ್ಟುಬಿಡಿ.

ಇದೆಲ್ಲ ಮಾಡುವಾಗ ಗಾಡಿ ಜಾಕ್ ಮೇಲೆ ಮಾತ್ರ ನಿಂತಿರಬಾರದು. ಸ್ಟ್ಯಾಂಡ್ ಇಡಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಂಥ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರವನ್ನಲ್ಲ, ಗೇರ್‌ಬಾಕ್ಸ್ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂದಿನ ಚಕ್ರ ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಚಕ್ರ ಉರುಳಬಹುದು, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಕೂಡ.

ಫ್ಯೂಸ್ ಕೀಳಬೇಕಾ?

ನಿಮ್ಮ ಎರಡನೇ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯ ಇದೆ. ಸಡಿಲ ಜಲ್ಲಿ, ಮರಳಿನಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಒಂದು ಗುಡ್ಡೆ ಕೂಡಿಸಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ, ನಿಲ್ಲುವ ದೂರ ಹೆಚ್ಚಾಗಬಹುದು. ಆದರೆ ಲಾಕ್ ಆದ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಅಲ್ಲದೆ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಗಾಡಿಯಲ್ಲಿ ಗಾಳಿಯಲ್ಲಿ ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ನೆಲದ ಮೇಲಿನ ಚಕ್ರಕ್ಕೆ ಬಲ ಕೊಡುವುದು ಇದೇ ಎಬಿಎಸ್ ಪಂಪ್. ಇಳಿಜಾರಿನಲ್ಲಿ ತಾನಾಗಿ ನಿಧಾನ ಮಾಡುವ ವ್ಯವಸ್ಥೆಯೂ ಇದರ ಮೇಲೆಯೇ ನಿಂತಿದೆ. ಆಫ್‌ರೋಡಿಗೆ ಬೇಡ ಅಂತ ಕಿತ್ತ ಫ್ಯೂಸ್ ಆಫ್‌ರೋಡಿನಲ್ಲೇ ನಿಮ್ಮನ್ನು ಸಿಕ್ಕಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದೆ ಹಗುರವಾಗುತ್ತದೆ. ಆಗ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಅದನ್ನು ತಡೆಯಲು ಹಳೆಯ ಗಾಡಿಯಲ್ಲಿ ನಾನು ಹೇಳಿದ ಕಡ್ಡಿಯ ವಾಲ್ವ್ ಇತ್ತು. ಹೊಸ ಗಾಡಿಗಳಲ್ಲಿ ಆ ಕೆಲಸವನ್ನೂ ಎಬಿಎಸ್ ಕಂಪ್ಯೂಟರಿಗೇ ಕೊಟ್ಟಿದ್ದಾರೆ, ಅದಕ್ಕೆ ಇಬಿಡಿ ಅನ್ನುತ್ತಾರೆ. ಅಂಥ ಗಾಡಿಯಲ್ಲಿ ಫ್ಯೂಸ್ ಕಿತ್ತರೆ ಹಳದಿಯ ಜೊತೆ ಕೆಂಪೂ ಬಂದು ನಿಲ್ಲುತ್ತದೆ. ಎತ್ತರಿಸಿದ ಗಾಡಿ, ಮಳೆಯ ರಸ್ತೆ, ಒಮ್ಮೆ ಜೋರಾಗಿ ಬ್ರೇಕ್: ಇದು ಬೇಡವಾದ ಪ್ರಯೋಗ. ಫ್ಯೂಸ್ ಅಲ್ಲೇ ಇರಲಿ.

ಈಗ ಓಡಿಸಬಹುದಾ ಅನ್ನುವ ಪ್ರಶ್ನೆ. ಪೆಡಲ್ ಗಟ್ಟಿ ಇದೆ, ಎಲ್ಲೂ ಒದ್ದೆ ಇಲ್ಲ, ಪ್ಯಾಡ್ ಇನ್ನೂ ಇದೆ ಅಂತ ಖಚಿತವಾದರೆ, ಹಳದಿ ಇಟ್ಟುಕೊಂಡು ನಿತ್ಯದ ಓಡಾಟ ಮಾಡಬಹುದು. ನಿಧಾನಕ್ಕೆ, ಮುಂದಿನ ಗಾಡಿಯಿಂದ ಜಾಸ್ತಿ ದೂರ ಬಿಟ್ಟು. ಮಳೆಯಲ್ಲಿ ಇನ್ನೂ ಜಾಸ್ತಿ. ಕಡಿದಾದ ಇಳಿಜಾರಿನ ಪ್ರವಾಸ ಕೆಂಪು ಲೈಟಿನ ಕಾರಣ ಸಿಗುವವರೆಗೆ ಬೇಡ. ಕೆಂಪು ಸಮ ರಸ್ತೆಯಲ್ಲೂ ಉರಿಯತೊಡಗಿದರೆ, ಅಥವಾ ಎರಡೂ ಒಟ್ಟಿಗೆ ಹತ್ತಿ ಆರದೇ ಉಳಿದರೆ, ಅಲ್ಲೇ ನಿಲ್ಲಿಸಿ.

ಪ್ಯಾಡ್ ಬದಲಾಯಿಸುವುದು, ಕನೆಕ್ಟರ್ ಕ್ಲೀನ್ ಮಾಡುವುದು, ಸಲೀಸಾಗಿ ಬರುವ ಸೆನ್ಸರ್ ಬದಲಾಯಿಸುವುದು ಕೈ ಪಳಗಿದ್ದರೆ ನೀವೇ ಮಾಡಿ. ಪೈಪ್ ಬಿಚ್ಚುವುದು, ಮಾಸ್ಟರ್ ಸಿಲಿಂಡರ್, ಎಬಿಎಸ್ ಪಂಪ್, ಆ ಕಡ್ಡಿಯ ವಾಲ್ವ್ ಹೊಂದಿಸುವುದು ವರ್ಕ್‌ಶಾಪಿಗೆ ಬಿಡಿ. ಡಬ್ಬಿ ಒಮ್ಮೆ ಪೂರ್ತಿ ಖಾಲಿಯಾಗಿ ಎಬಿಎಸ್ ಪಂಪಿನೊಳಗೆ ಗಾಳಿ ಸೇರಿದರೆ, ಹಲವು ಗಾಡಿಗಳಲ್ಲಿ ಸ್ಕ್ಯಾನರ್‌ನಿಂದ ಒಳಗಿನ ವಾಲ್ವ್‌ಗಳನ್ನು ಆಡಿಸಿಯೇ ಅದನ್ನು ತೆಗೆಯಬೇಕು, ಪೆಡಲ್ ಒತ್ತಿ ಬ್ಲೀಡ್ ಮಾಡಿದರೆ ಹೋಗುವುದಿಲ್ಲ.

ಹೇಗೂ ವರ್ಕ್‌ಶಾಪಿಗೆ ಹೋಗುತ್ತೀರಾದರೆ ಆಯಿಲ್ ಹಾಕಿ ಎಷ್ಟು ವರ್ಷವಾಯಿತು ಅಂತ ನೆನಪಿಸಿಕೊಳ್ಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಆಯಿಲ್ ಕುದಿದರೆ ಆವಿಗುಳ್ಳೆ ಬಂದು ಪೆಡಲ್ ನೆಲಕ್ಕೆ ಹೋಗುತ್ತದೆ, ಆ ಹೊತ್ತಿನಲ್ಲಿ ಯಾವ ಲೈಟೂ ಹತ್ತದೇ ಇರಬಹುದು. ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಾಯಿಸಿ.

ಕೋಡ್ ಓದಿಸಿದ ಮೇಲೆ ಯಾವ ಚಕ್ರ ಅಂತ ಬಂತು, ಪೆನ್ನಿನ ಗೆರೆಯಿಂದ ಆಯಿಲ್ ಇಳಿಯಿತಾ, ಆಕ್ಸಲ್ ಮೇಲೆ ಆ ಕಡ್ಡಿ ಇದೆಯಾ, ಈ ಮೂರನ್ನು ಬರೆದು ಕಳಿಸಿ. ಸೆನ್ಸರ್ ಕೊಳ್ಳಬೇಕಾ, ಬೇರಿಂಗ್ ನೋಡಬೇಕಾ ಅಂತ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ.